ಮೇಲಿನ ಶೆಲ್ಫಿಗೆ ಎಟುಕದ ಎಲೆ

ವೇದಿಕೆಯನ್ನು ತುಂಬಿಕೊಂಡಿರುವ ಅಧ್ಯಕ್ಷರೇ, ಡಾಕ್ಟರೇಟ್ ಪಡೆದು ಇಂದು ಸನ್ಮಾನಗೊಂಡ ನಮ್ಮ ಮೇಡಂ ಅವರೇ, ಅವರ ಗೈಡ್ ಸಾಹೇಬರೇ, ಊಟದ ಹಾಲಿನ ಬಾಗಿಲ ಮೇಲೆ ಒಂದು ಕಣ್ಣಿಟ್ಟಿರುವ ಸಭಿಕರೇ,

ಸಮಸ್ತ ಲೋಕಕ್ಕೆ ಒಂದು ಸಂಗತಿಯನ್ನು ಘೋಷಿಸಲು ನಾನಿಲ್ಲಿ ನಿಂತಿದ್ದೇನೆ. ನಮ್ಮ ಲ್ಯಾಬಿನ ಇಪ್ಪತ್ತೇಳನೇ ನಂಬರಿನ ಬಸವನಹುಳು ನಾಲ್ಕು ಮಿಲಿಮೀಟರಿನಿಂದ ಒಂಬತ್ತಕ್ಕೆ ಬೆಳೆದಿತ್ತು. ಚಪ್ಪಾಳೆ ಆಮೇಲೆ ತಟ್ಟುವಿರಂತೆ. ಯಾಕೆ ತಟ್ಟಬೇಕು ಎಂಬುದನ್ನು ಮೊದಲು ಕೇಳಿ.

ಇಪ್ಪತ್ತಾರು ವರ್ಷಗಳಿಂದ ನಾನು ಬಸವನಹುಳುಗಳ ಕೋಣೆಯ ಅಟೆಂಡರು. ನೀರು ಬದಲಿಸುವುದು, ಎಲೆ ಹಾಕುವುದು, ಸತ್ತವರನ್ನು ಸಕಲ ಗೌರವಗಳೊಂದಿಗೆ ಹೊರಗೆ ಸಾಗಿಸುವುದು ನನ್ನ ಕೆಲಸ. ಕುರಿಯ ಪಿತ್ತಜನಕಾಂಗದಲ್ಲಿ ಸೇರಿಕೊಳ್ಳುವ ಚಪ್ಪಟೆ ಹುಳುವಿನ ಹೆಸರು ಕೇಳಿದ್ದೀರಲ್ಲ? ಅದರ ಮರಿ ನೇರವಾಗಿ ಕುರಿಗೆ ಹೋಗುವುದಿಲ್ಲ. ಮೊದಲು ಬಸವನಹುಳುವಿನ ಮೈಹೊಕ್ಕು, ಅಲ್ಲೇ ಉಂಡು, ಒಂದು ನೂರಾಗಿ ಹೊರಬರುತ್ತದೆ. ದೊಡ್ಡ ಮನೆ ಸಿಕ್ಕರೆ ಸಂಸಾರ ದೊಡ್ಡದಾಗುತ್ತದೆಯೇ? ಸಣ್ಣ ಮನೆಯಾದರೆ ಸಣ್ಣದೇ? ಇದೇ ಮೇಡಂ ಅವರ ಪ್ರಶ್ನೆ.

ಸಣ್ಣ ಬಸವನಹುಳು ನಲವತ್ತು, ದೊಡ್ಡವು ನಲವತ್ತು. ಒಂದೊಂದರ ಮೈಗೂ ಚಪ್ಪಟೆ ಹುಳುವಿನ ಒಂದೊಂದು ಮರಿಯನ್ನು ಹೊಗಿಸಿದ್ದಾಯಿತು. ಒಂದೊಂದಕ್ಕೆ ಒಂದೊಂದು ಡಬ್ಬಿ, ದಿನಕ್ಕೆ ಒಂದೊಂದು ತುಂಡು ಕೋಸಿನ ಎಲೆ. ಏಳು ವಾರ ಕಳೆದು ಹೊರಬಂದ ಮರಿಗಳನ್ನು ಎಣಿಸಿದರೆ ತಲೆಯಿಲ್ಲ, ಬುಡವಿಲ್ಲ. ಕೆಲವು ಸಣ್ಣವುಗಳಲ್ಲಿ ಬೆರಳೆಣಿಕೆಯಷ್ಟು ಮರಿ. ಇನ್ನು ಕೆಲವು ಸಣ್ಣವುಗಳಲ್ಲಿ ದೊಡ್ಡವುಗಳಷ್ಟೇ. ಗೈಡ್ ಸಾಹೇಬರು ಕನ್ನಡಕ ತೆಗೆದು, "ಇದನ್ನ ಕಳಿಸಿದ್ರೆ ಪರೀಕ್ಷಕರು ನಗ್ತಾರಮ್ಮ. ನಿನಗೆ ಉಳಿದಿರೋದು ಒಂದೇ ವರ್ಷ. ವಿಷಯಾನೇ ಬಿಟ್ಬಿಡು" ಎಂದರು. ನಾಲ್ಕು ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು.

ಮೇಡಂ ಡಬ್ಬಿಗಳ ಚೀಟಿ ಕೀಳತೊಡಗಿದಾಗ ನನ್ನ ಹೊಟ್ಟೆಯೊಳಗಿದ್ದದ್ದು ಹೊರಬಿತ್ತು.

"ಮೇಡಂ, ಸಣ್ಣವಕ್ಕೆ ನಾನು ಇನ್ನೊಂದು ಎಲೆ ಜಾಸ್ತಿ ಹಾಕ್ತಿದ್ದೆ."

"ಯಾವಾಗಿಂದ ಅಣ್ಣಾ?"

"ಮೊದಲನೇ ದಿನದಿಂದ. ನೋಡಿದ್ರೆ ಪಾಪ ಅನ್ನಿಸ್ತಿತ್ತು."

ಪಾಪ ಯಾಕೆ ಅನ್ನಿಸಬೇಕು? ಐದು ಮಕ್ಕಳಲ್ಲಿ ನಾನು ಕಿರಿಯವ, ಗಾತ್ರದಲ್ಲೂ. ಅಣ್ಣಂದಿರ ಕಣ್ಣು ತಪ್ಪಿಸಿ ಅಮ್ಮ ನನ್ನ ತಟ್ಟೆಗೆ ಒಂದು ತುತ್ತು ಹೆಚ್ಚಿಗೆ ಹಾಕುತ್ತಿದ್ದಳು. ಫಲವೇನಾಯಿತು? ಹಿಂದಿನ ಸಾಲಿನವರಿಗೆ ಈಗಲೂ ನನ್ನ ದನಿ ಮಾತ್ರ ಕೇಳಿಸುತ್ತಿರಬೇಕು, ನಾನು ಕಾಣಿಸುತ್ತಿರಲಿಕ್ಕಿಲ್ಲ. ಆ ತುತ್ತು ಅಮ್ಮನ ಪಾಲಿನದೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಇರಲಿ, ಅದು ಇಲ್ಲಿಯ ವಿಷಯವಲ್ಲ.

ಮೇಡಂ ಬಯ್ಯಲಿಲ್ಲ. "ಎಲ್ಲಾ ಸಣ್ಣವಕ್ಕೂ ಹಾಕಿದ್ರಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಮೇಡಂ, ಕೆಳಗಿನ ಶೆಲ್ಫಿನ ಇಪ್ಪತ್ತಕ್ಕೆ ಮಾತ್ರ. ಮೇಲಿನದಕ್ಕೆ ನನ್ನ ಕೈ ಎಟುಕಲ್ಲ."

ಡ್ಯೂಟಿಯ ಎಲೆಗೆ ನಾನು ಸ್ಟೂಲು ಹತ್ತುತ್ತಿದ್ದೆ, ಸಭಿಕರೇ. ಪ್ರೀತಿಯ ಎಲೆಗೆ ಹತ್ತಲಿಲ್ಲ.

ಮೇಡಂ ಅಲ್ಲೇ ನೆಲದ ಮೇಲೆ ಕೂತು ಲೆಕ್ಕವನ್ನು ಎರಡು ಪಾಲು ಮಾಡಿದರು. ಮೇಲಿನ ಸಣ್ಣವು ಸಣ್ಣವಾಗಿಯೇ ಉಳಿದಿದ್ದವು, ಮರಿಯೂ ಕಡಿಮೆ. ಕೆಳಗಿನವು ಉಂಡು ಬೆಳೆದಿದ್ದವು, ಮರಿ ದೊಡ್ಡವುಗಳಷ್ಟೇ. ಇಪ್ಪತ್ತೇಳನೆಯದಂತೂ ದೊಡ್ಡವುಗಳನ್ನೂ ಹಿಂದೆ ಹಾಕಿತ್ತು. ಅಂದರೇನು? ಮರಿ ಒಳಹೊಕ್ಕ ದಿನ ಮನೆ ಎಷ್ಟು ದೊಡ್ಡದಿತ್ತು ಎಂಬುದಷ್ಟೇ ಅಲ್ಲ, ಆಮೇಲೆ ಎಷ್ಟು ಬೆಳೆಯಿತು ಎಂಬುದೂ ಮುಖ್ಯ. ಆದರೂ ಮೇಡಂ ನನ್ನ ಕಳ್ಳಪ್ರೀತಿಯನ್ನು ನಂಬಿ ಕೂರಲಿಲ್ಲ. ಎಲೆ ತೂಗಿ, ವಾರವಾರವೂ ಅಳೆದು, ಮೊದಲಿನಿಂದ ಇನ್ನೆರಡು ಸಲ ಮಾಡಿದರು. ಎರಡು ಸಲವೂ ಅದೇ ಉತ್ತರ. ಪರೀಕ್ಷಕರು ನಗಲಿಲ್ಲ, ಎದ್ದು ನಿಂತು ಕೈಕುಲುಕಿದರು. ಪ್ರಬಂಧದ ಐವತ್ತೆಂಟನೇ ಪುಟದಲ್ಲಿ "ಅಟೆಂಡರರ ಕುಳ್ಳತನದಿಂದ ಒದಗಿದ ಹೋಲಿಕೆ ಗುಂಪು" ಎಂದು ಅಚ್ಚಾಗಿದೆ. ಕುಳ್ಳನೆಂದು ಕರೆಸಿಕೊಂಡು ಎದೆಯುಬ್ಬಿಸಿದ್ದು ನನ್ನ ಜನ್ಮದಲ್ಲೇ ಮೊದಲು. ಈಗ ತಟ್ಟಿ ಚಪ್ಪಾಳೆ.

ಮೇಡಂಗೆ, ಕೇಳಿಸಿಕೊಂಡ ನಿಮಗೆ, ಬಾಯಿಲ್ಲದ ಆ ಎಂಬತ್ತು ಜೀವಗಳಿಗೆ ನನ್ನ ಕೃತಜ್ಞತೆ, ನಮಸ್ಕಾರ. ಏಳುವ ಮುನ್ನ ಒಂದು ಮಾತು: ಸೋಮವಾರ ಹೊಸ ಹುಳುಗಳು ಬರುತ್ತಿವೆ, ಈ ಸಲ ಯಾರಿಗೂ ಭೇದಭಾವ ಆಗಬಾರದು. ಆ ಮೇಲಿನ ಶೆಲ್ಫನ್ನು ಒಂದು ಮೊಳ ಕೆಳಗಿಳಿಸಬೇಕು. ಊಟಕ್ಕೆ ಮೊದಲು ಎತ್ತರದವರು ಇಬ್ಬರು ನನ್ನ ಜೊತೆ ಬನ್ನಿ; ಸ್ಕ್ರೂಡ್ರೈವರ್ ನನ್ನ ಜೇಬಿನಲ್ಲಿದೆ.