ಮೂರು ಗುಂಡಿಯ ಯಜ್ಞನಾರಾಯಣರು

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಯಜ್ಞನಾರಾಯಣರ ಪತ್ನಿ ಮೀರಮ್ಮನವರೇ, ಮಗಳು ಶ್ರೀಗೌರಿಯವರೇ, ನಮ್ಮ ಮಣ್ಣು ಸಮೀಕ್ಷೆ ಕಚೇರಿಯ ಬಂಧುಗಳೇ, ಭದ್ರಾವತಿಯ ನ್ಯೂ ಟೌನ್‌ನಿಂದ ಶಿವಮೊಗ್ಗದ ಈ ದುರ್ಗಿಗುಡಿಯವರೆಗೆ ಬಿಸಿಲಲ್ಲಿ ಬಂದಿರುವ ತೋಟದ ಸಂಘದ ಸದಸ್ಯರೇ — ಎಲ್ಲರಿಗೂ ನನ್ನ ನಮಸ್ಕಾರ.

ನಾನು ಉಜ್ಜನಪ್ಪ. ಯಜ್ಞನಾರಾಯಣರ ಕೈಕೆಳಗೆ ಹದಿನಾರು ವರ್ಷ ಕೆಲಸ ಮಾಡಿದವನು. ಅವರು ತೀರಿಕೊಂಡು ಇವತ್ತಿಗೆ ಹನ್ನೆರಡು ದಿನ. ಎರಡು ಮಾತು ಆಡು ಎಂದು ಕರೆದಿದ್ದಾರೆ. ಎರಡಕ್ಕೆ ಮುಗಿಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನಗಿಂತ ಮುಂಚೆ ಆರು ಜನ ಮಾತಾಡಿದರು. ಆರೂ ಜನ ಅವರನ್ನು ಅಜಾತಶತ್ರು ಎಂದರು. ಶಾಂತಮೂರ್ತಿ ಎಂದರು. ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆ, ಕ್ಷಮಿಸಿ — ಅಜಾತಶತ್ರುವಂತೆ. ಅವರ ಶತ್ರು ನಾನೇ ಇದ್ದೆನಲ್ಲ, ವಾರಕ್ಕೆ ಆರು ದಿನ, ಹತ್ತೂವರೆಯಿಂದ ಐದೂವರೆವರೆಗೆ. ಅವರ ಜೊತೆ ಕೆಲಸ ಮಾಡಿದ ಯಾರನ್ನು ಬೇಕಾದರೂ ಕೇಳಿ. ಅಗೋ ಅಲ್ಲಿ ನಗುತ್ತಿದ್ದಾನಲ್ಲ, ನಮ್ಮ ಜೀಪಿನ ಡ್ರೈವರ್ ಷಣ್ಮುಖಪ್ಪ, ಅವನನ್ನು ಕೇಳಿ. ಆ ಮನುಷ್ಯನ ಸಹವಾಸದಲ್ಲಿ ತಲೆ ಚಿಟ್ಟು ಹಿಡಿಯದೆ ಇದ್ದವರು ಯಾರೂ ಇಲ್ಲ.

ಶಿವಮೊಗ್ಗದಿಂದ ಭದ್ರಾವತಿಗೆ ಜೀಪಿನಲ್ಲಿ ಎಷ್ಟು ಹೊತ್ತು? ಅರ್ಧ ಗಂಟೆ. ಇವರು ಹತ್ತಿದರೆ ಎರಡೂವರೆ ಗಂಟೆ. ರಸ್ತೆ ಮಾಡಲು ಎಲ್ಲೆಲ್ಲಿ ದಿಣ್ಣೆ ಕಡಿದಿದ್ದಾರೋ ಅಲ್ಲೆಲ್ಲ ಇಳಿಯಬೇಕು. "ಷಣ್ಮುಖಪ್ಪ, ಒಂಚೂರು ನಿಲ್ಸಪ್ಪ." ಅವನು ಹೇಳುತ್ತಿದ್ದ, "ಸಾರ್, ಹೋದ್ ವಾರನೂ ಇದನ್ನೇ ನೋಡಿದ್ರಲ್ಲ." "ಹೋದ್ ವಾರ ಮಳೆ ಬಿದ್ದಿರ್ಲಿಲ್ವಲ್ಲಪ್ಪ." — ಮುಗಿಯಿತು. ಇಳಿದು, ಪ್ಯಾಂಟು ಮೇಲೆ ಮಡಚಿ, ಒಂದು ಚಿಟಿಕೆ ಮಣ್ಣು ತೆಗೆದು, ಎಂಜಲು ಹಚ್ಚಿ, ಹೆಬ್ಬೆರಳಲ್ಲಿ ಹೀಗೆ — ಹೀಗೆ — ತಿಕ್ಕುತ್ತ ನಿಲ್ಲುವುದು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ನಾನು ಜೀಪಿನ ಆ ಕಡೆ ಮುಖ ತಿರುಗಿಸಿ ನಿಂತಿರುತ್ತಿದ್ದೆ.

ನನ್ನ ತಂಗಿಯ ಮದುವೆ ನ್ಯೂ ಟೌನ್‌ನಲ್ಲಿ ಆಯಿತು. ಇವರನ್ನು ಮರ್ಯಾದೆಯಿಂದ ಕರೆದಿದ್ದೆ. ಊಟದ ಹೊತ್ತಿಗೆ ಮನುಷ್ಯ ಕಾಣೆ. ಬೀಗರಿಗೆ ನಮ್ಮ ಸಾಹೇಬರು ಎಂದು ಪರಿಚಯ ಮಾಡಿಸಬೇಕು, ಹುಡುಕುತ್ತೇನೆ, ಎಲ್ಲಿದ್ದಾರೆ? ಅಡುಗೆ ಮನೆಯ ಹಿಂದೆ ಎಂಜಲೆಲೆ ಹಾಕಲು ಗುಂಡಿ ತೋಡಿಸಿದ್ದೆವು — ಅದರೊಳಗೆ. ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು, ಬಡಿಸುವ ಸೌಟಿನ ಹಿಡಿಯಲ್ಲಿ ಗುಂಡಿಯ ಗೋಡೆ ಕೆರೆಯುತ್ತಿದ್ದಾರೆ. "ಉಜ್ಜನಪ್ಪ, ಇಲ್ಲಿ ಜೇಡಿ ಶುರುವಾಗೋದು ಹದಿನಾಲ್ಕು ಇಂಚಿಗೆ ಮಾರಾಯ, ಚೆನ್ನಾಗಿದೆ." ಬೀಗರು ಮೇಲೆ ನಿಂತು ನೋಡುತ್ತಿದ್ದಾರೆ. ಇವರೇ ನಮ್ಮ ಸಾಹೇಬರು ಎಂದು ಅವರಿಗೆ ಹೇಗೆ ಹೇಳಲಿ?

ಇನ್ನು ವರದಿ. ವರದಿಯಲ್ಲಿ 'ಫಲವತ್ತಾದ ಭೂಮಿ' ಎಂದು ಬರೆದರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ಪಕ್ಕದಲ್ಲಿ ಬರೆಯುತ್ತಿದ್ದರು — 'ಯಾವುದಕ್ಕೆ?' ಅಷ್ಟೇ. ಹದಿನಾರು ವರ್ಷದಲ್ಲಿ ಆ 'ಯಾವುದಕ್ಕೆ'ಯನ್ನು ನಾನು ಎಷ್ಟು ಸಲ ನೋಡಿದ್ದೇನೋ. ರೋಸಿ ಹೋಗಿದ್ದೆ.

ಎಲ್ಲಕ್ಕಿಂತ ದೊಡ್ಡ ಕಾಟ ಮೂರು ಗುಂಡಿಯದು. ಯಾವುದೇ ದಿಬ್ಬವಿರಲಿ, ಮಣ್ಣು ನೋಡಲು ಮೂರು ಗುಂಡಿ ಅಗೆಯಬೇಕು. ದಿಬ್ಬದ ತಲೆಗೊಂದು, ಸೊಂಟಕ್ಕೊಂದು, ಪಾದಕ್ಕೊಂದು. ಬಂಡೆ ಸಿಗುವವರೆಗೆ, ಇಲ್ಲವೇ ಐದಡಿಯವರೆಗೆ. ಪಾದದಲ್ಲಿ ಅಗೆಯುವುದು ಸುಲಭ, ಜೀಪು ಅಲ್ಲಿಯವರೆಗೆ ಹೋಗುತ್ತದೆ, ಒಂದು ಮರದ ನೆರಳೂ ಇರುತ್ತದೆ. ತಲೆಗೆ ಹೋಗಬೇಕಾದರೆ ಹಾರೆ ಗುದ್ದಲಿ ಹೊತ್ತು ನಡೆಯಬೇಕು. ಕಚೇರಿಯಲ್ಲಿ ಅವರಿಗೆ ಮೂರು ಗುಂಡಿ ಎಂದೇ ಹೆಸರಿಟ್ಟಿದ್ದೆವು. ಇಟ್ಟವನು ನಾನು.

ಈಗ — ಭದ್ರಾವತಿ ಹೊರಗಿನ ಗೊರವನ ದಿಬ್ಬದ ವಿಷಯಕ್ಕೆ ಬರುತ್ತೇನೆ. ಸಂಘದವರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮ ಸುತ್ತಮುತ್ತ ಅಂಥ ಮಣ್ಣು ಅಪರೂಪ. ಆ ದಿಬ್ಬದ ಅಡಿಯಲ್ಲಿರುವುದು ಮರಳುಗಲ್ಲು. ಯಾವ ಕಾಲದ್ದೋ ಮರಳು, ಒತ್ತಿ ಒತ್ತಿ ಕಲ್ಲಾಗಿ, ಗಟ್ಟಿಯಾಗಿ ಕುಳಿತಿದೆ. ಅದು ಸವೆದು ಮೇಲೆ ಆಗಿರುವುದು ಗೋಡು ಮಣ್ಣು. ಗೋಡು ಎಂದರೆ ಮರಳೂ ಅಲ್ಲ, ಜೇಡಿಯೂ ಅಲ್ಲ, ಎರಡೂ ಹದವಾಗಿ ಬೆರೆತದ್ದು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತದೆ, ಬೆರಳಲ್ಲಿ ಒತ್ತಿದರೆ ಉದುರುತ್ತದೆ. ನೋಡಲು ಕಣ್ಣಿಗೆ ಹಬ್ಬ. ನೇಗಿಲಿಗೆ ಮೃದು, ಮಳೆ ನೀರು ನಿಲ್ಲುವುದಿಲ್ಲ, ಕಾಲಿಗೆ ಮೆತ್ತುವುದಿಲ್ಲ. ಆದರೆ ಸ್ವಲ್ಪ ಹುಳಿ. ಸಾರ ಕಡಿಮೆ. ಕೆಳಕ್ಕೆ ಹೋಗುತ್ತ ಕಲ್ಲುಚೂರು ಜಾಸ್ತಿ. ಇಳಿದ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ. ಮತ್ತೆ ಮುಖ್ಯವಾಗಿ — ಆಳ. ಸಾವಿರಾರು ವರ್ಷದಿಂದ ಮಳೆ ಮೇಲಿನ ಮಣ್ಣನ್ನು ತೊಳೆದು ತೊಳೆದು ಕೆಳಗೆ ತಂದಿದೆ. ಪಾದದಲ್ಲಿ ಐದಡಿ ಅಗೆದರೂ ಬಂಡೆ ಸಿಗುವುದಿಲ್ಲ. ಮೇಲೆ ಎರಡಡಿಯೂ ಇಲ್ಲ. ನೋಡಿದರೆ ಗೊತ್ತಾಗುವುದಿಲ್ಲ. ಹುಲ್ಲು ಎರಡು ಕಡೆಯೂ ಒಂದೇ ಹಸಿರು. ಅಗೆದರೆ ಮಾತ್ರ ಗೊತ್ತಾಗುತ್ತದೆ.

ತೊಂಬತ್ನಾಲ್ಕರಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ನಲವತ್ತು ಜನ ಸೇರಿ ಸಂಘ ಮಾಡಿಕೊಂಡು, ಆ ದಿಬ್ಬದಲ್ಲಿ ಮಾವು ಹಾಕುತ್ತೇವೆ, ಮಣ್ಣು ನೋಡಿ ಹೇಳಿ ಎಂದು ನಮ್ಮಲ್ಲಿಗೆ ಬಂದರು. ಆಗ ಶ್ರೀಗೌರಿಗೆ ಟೈಫಾಯ್ಡ್. ಯಜ್ಞನಾರಾಯಣರು ಆಸ್ಪತ್ರೆಯಲ್ಲಿ ಮಗಳ ಹತ್ತಿರ ಇದ್ದರು. ದಿಬ್ಬಕ್ಕೆ ನನ್ನನ್ನು ಕಳಿಸಿದರು.

ಏಪ್ರಿಲ್ ತಿಂಗಳು. ಪಾದದಲ್ಲಿ ಒಂದು ಗುಂಡಿ ಅಗೆಸಿದೆ. ಐದಡಿ, ಬಂಡೆ ಇಲ್ಲ. ತಲೆ ಎತ್ತಿ ದಿಬ್ಬ ನೋಡಿದೆ. ಬಿಸಿಲು ನೋಡಿದೆ.

ಅಲ್ಲೇ ಮರದ ಕೆಳಗೆ ಕೂತು, ಉಳಿದ ಎರಡು ಗುಂಡಿಯನ್ನು ಕಾಗದದ ಮೇಲೆ ಅಗೆದೆ.

ಎಲ್ಲದಕ್ಕೂ ಐದಡಿ ಎಂದು ಬರೆಯುವಷ್ಟು ದಡ್ಡನಲ್ಲ ನಾನು. ಮಣ್ಣಿನ ಕೆಲಸ ಬಲ್ಲವನು. ಸೊಂಟಕ್ಕೆ ನಾಲ್ಕಡಿ ಎಂಟಿಂಚು, ತಲೆಗೆ ನಾಲ್ಕಡಿ ಮೂರಿಂಚು ಎಂದು ಇಳಿಸಿಕೊಂಡು ಬಂದೆ. ಕಲ್ಲುಚೂರಿನ ಲೆಕ್ಕವನ್ನೂ ಹಾಕಿದೆ. ಅವರೇ ಕಲಿಸಿದ ವಿದ್ಯೆ ಅದು, ಅವರಿಗೇ ನಂಬಿಕೆ ಬರುವ ಹಾಗೆ ಬರೆದೆ. ಆಸ್ಪತ್ರೆಯಿಂದ ವಾಪಸು ಬಂದ ಸಾಹೇಬರು ಒಂದೇ ಮಾತು ಕೇಳಿದರು. "ಮೂರೂ ಅಗೆದ್ರೇನಪ್ಪ?" "ಅಗೆದ್ವಿ ಸಾರ್." ಸಹಿ ಹಾಕಿದರು. ಆ ಅಳತೆಯೇ ಇಲಾಖೆಯ ಮಣ್ಣಿನ ನಕ್ಷೆಗೂ ಹೋಯಿತು.

— ಸಭೆಯಲ್ಲಿ ಗದ್ದಲ ಬೇಡ. ದಯವಿಟ್ಟು. ಪೂರ್ತಿ ಹೇಳಿಬಿಡುತ್ತೇನೆ.

ಮಾವು ಮೂರು ವರ್ಷ ಚೆನ್ನಾಗಿ ಬಂತು. ನಾಲ್ಕನೆಯ ಬೇಸಿಗೆಯಲ್ಲಿ, ಬೇರು ಬಂಡೆ ಮುಟ್ಟಿದ ಮೇಲೆ, ದಿಬ್ಬದ ಮೇಲ್ಭಾಗದ ಗಿಡ ಒಂದೊಂದೇ ಒಣಗಿತು. ಆಗ ಒಂದು ದಿನ ಸಂಘದ ಮಂಜಪ್ಪನವರು ಕಚೇರಿಗೆ ಬಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮಂಜಪ್ಪನವರು ಇಲ್ಲೇ ಕೊನೆಯ ಸಾಲಿನಲ್ಲಿ ಇದ್ದಾರೆ. ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತ ಮನುಷ್ಯ. ಒಣಗಿದ ಗಿಡವನ್ನು ಬೇರು ಸಮೇತ ಕಿತ್ತು ತಂದು ಸಾಹೇಬರ ಮೇಜಿನ ಮೇಲೆ, ಫೈಲುಗಳ ಮೇಲೆ ಹಾಕಿದರು. "ನೀವು ಅಗೀದೆ ಬರದ್ರಿ. ನಾನು ನೀರು ಹೊತ್ತು ಹೊತ್ತು ಸಾಕ್ದೆ." ಯಜ್ಞನಾರಾಯಣರು ಏನು ಮಾಡಿದರು ಗೊತ್ತೇ? ಕನ್ನಡಕ ಹಾಕಿಕೊಂಡು ಬೇರು ನೋಡಿದರು. "ನೋಡಿ ಮಂಜಪ್ಪನೋರೆ, ಎರಡಡಿ ಒಳಗೇ ಅಡ್ಡ ತಿರುಗಿದೆ." ಎದುರಿಗಿರುವವನ ಹೊಟ್ಟೆ ಉರಿಯುತ್ತಿರುವಾಗ ಹೀಗೆ ಮಾತಾಡಿದರೆ ಯಾರು ಸಹಿಸುತ್ತಾರೆ? ಮಂಜಪ್ಪನವರು ಅವರ ಮುಖಕ್ಕೆ ಉಗಿದು ಹೋದರು.

ಮರುದಿನ ಸಾಹೇಬರು ನನ್ನನ್ನು ಕರೆದುಕೊಂಡು ದಿಬ್ಬದ ತಲೆಗೆ ಹತ್ತಿದರು. ಆಳುಗಳಿಲ್ಲ. ತಾವೇ ಹಾರೆ ಹಿಡಿದರು. ಇಪ್ಪತ್ತೆರಡು ಇಂಚಿಗೆ ಠಣ್ ಎಂದಿತು. ಅಳತೆ ಬರೆದುಕೊಂಡರು, ಗುಂಡಿ ಮುಚ್ಚಿದರು, ಇಳಿದರು. ನನಗೆ ತಡೆಯಲಾಗಲಿಲ್ಲ. "ಬೈರಿ ಸಾರ್, ಒಂದ್ಸಲ ಬೈದ್ಬಿಡ್ರಿ" ಎಂದೆ.

"ಬೈದ್ರೆ ನೀನು ಹಗುರ ಆಗ್ತೀಯ ಮಾರಾಯ. ಮಣ್ಣು ಆಳ ಆಗಲ್ಲ."

ಮೇಲಿನವರು ವಿಚಾರಣೆ ಮಾಡಿದರು. 'ಸಹಿ ನನ್ನದು, ಜವಾಬ್ದಾರಿ ನನ್ನದು' ಎಂದು ಬರೆದುಕೊಟ್ಟರು. ಬಡ್ತಿ ನಿಂತಿತು. ಅಗೆಯದೆ ಬರೆಯುವ ಆಫೀಸರ್ ಎಂದು ಭದ್ರಾವತಿಯಲ್ಲೆಲ್ಲ ಹೆಸರಾಯಿತು. ಬದುಕಿನಲ್ಲಿ ಒಂದು ಗುಂಡಿಯನ್ನೂ ಬಿಡದ ಮನುಷ್ಯನಿಗೆ ಆ ಹೆಸರು. ನಕ್ಷೆ ತಿದ್ದಲು ಅರ್ಜಿ ಹಾಕಿದರು. ಮೊದಲು ಅಳತೆ ಬರೆದವನ ಹೇಳಿಕೆ ಬೇಕು ಎಂದು ಅದು ವಾಪಸು ಬಂತು. ಅಂದರೆ ನನ್ನ ಹೇಳಿಕೆ. ನನಗೆ ಕೆಲಸ ಹೋಗುವ ಭಯ.

ಅಲ್ಲಿಂದ ನಾಲ್ಕು ವರ್ಷ. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಆ ಫೈಲು ನನ್ನ ಮೇಜಿಗೆ ಬರುತ್ತಿತ್ತು. ಸಂಜೆ ಅವರೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಕೇಳುತ್ತಿರಲಿಲ್ಲ, ಗದರುತ್ತಿರಲಿಲ್ಲ. ಇದಕ್ಕಿಂತ ಹಿಂಸೆ ಇದೆಯೇ? ಒಂದು ಸಲ ಕೂಗಾಡಿಬಿಟ್ಟೆ — ನೀವೇ ನನ್ನ ಹೆಸರು ಹೇಳಿ ಮುಗಿಸಿ, ಯಾಕೆ ಹೀಗೆ ಕೊಲ್ಲುತ್ತೀರಿ ಎಂದು. "ಹೇಳೋದು ನೀನಪ್ಪ. ಒಂದಿನ ಹೇಳ್ತೀಯ" ಎಂದರು. ನನ್ನ ಮೇಲೆ ಅವರಿಗಿದ್ದ ಆ ನಂಬಿಕೆ ಇದೆಯಲ್ಲ, ಅದರಿಂದ ನಾನು ಪಟ್ಟ ಪಾಡು ಯಾವ ಶತ್ರುವಿನಿಂದಲೂ ಪಟ್ಟಿಲ್ಲ. ಕಳೆದ ಸೋಮವಾರ ಮೇಜಿಗೆ ಫೈಲು ಬರಲಿಲ್ಲ. ತರುವವರಿರಲಿಲ್ಲ. ನಾನೇ ಅವರ ಕಪಾಟು ತೆಗೆದು ತಂದುಕೊಂಡೆ. ಇವತ್ತು ಬೆಳಿಗ್ಗೆ ಹೇಳಿಕೆ ಬರೆದು, ಸಹಿ ಹಾಕಿ ಮೇಲಕ್ಕೆ ಕಳಿಸಿದ್ದೇನೆ. ಏನಾಗುತ್ತದೋ ಆಗಲಿ.

ಸಂಘದವರೇ, ಬರುವ ಮಳೆಗೆ ದಿಬ್ಬದ ಉತ್ತರದ ಕಡೆ ಇನ್ನೂ ಇಪ್ಪತ್ತಾರು ಮನೆಯವರು ಮಾವು ಇಡುತ್ತೀರಿ ಎಂದು ಕೇಳಿದೆ. ಹಳೆಯ ಸಸಿಯೇ ಕೆಟ್ಟದ್ದಿತ್ತು, ಮೇಲೂ ಮಣ್ಣು ನಾಲ್ಕಡಿಗೆ ಹೆಚ್ಚಿದೆ ಎಂದು, ಆಫೀಸರನ್ನು ನಂಬದವರು ಅವರ ನಕ್ಷೆಯನ್ನು ಮಾತ್ರ ಹಿಡಿದುಕೊಂಡಿದ್ದೀರಿ. ಇಡಬೇಡಿ ಎಂದು ಯಜ್ಞನಾರಾಯಣರು ನಿಮ್ಮ ಮನೆಬಾಗಿಲಿಗೆ ಬಂದಿದ್ದರು, ನೀವು ಒಳಗೆ ಕರೆಯಲಿಲ್ಲ. ಸುಳ್ಳು ಬರೆದವನ ಮಾತು ಯಾರು ಕೇಳುತ್ತಾರೆ? ಈಗ ನಿಜವಾಗಿ ಸುಳ್ಳು ಬರೆದವನು ಹೇಳುತ್ತಿದ್ದೇನೆ, ಕೇಳಿ. ಮೇಲ್ಭಾಗದಲ್ಲಿ ರಾಗಿ ಹಾಕಿ, ಹುರುಳಿ ಹಾಕಿ, ದನಕ್ಕೆ ಹುಲ್ಲು ಬಿಡಿ. ಮರ ಬೇಡ. ನಂಬಿಕೆ ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಏಳಕ್ಕೆ ದಿಬ್ಬಕ್ಕೆ ಬನ್ನಿ. ತಲೆಯಲ್ಲೂ ಸೊಂಟದಲ್ಲೂ ನಾನೇ ಅಗೆದು ತೋರಿಸುತ್ತೇನೆ.

ಮೀರಮ್ಮನವರೇ, ಈ ಮಾತು ಅವರು ಇದ್ದಾಗ ಹೇಳಬೇಕಿತ್ತು. ಹೇಳಲಿಲ್ಲ. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು, ಅವರ ನೆನಪಿನಲ್ಲಿ ಒಂದು ನಿಮಿಷ ಮೌನವಾಗಿ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ.

— ಮಂಜಪ್ಪನವರೇ, ನೀವು ಕೂತೇ ಇದ್ದೀರಿ. ನನ್ನ ಮೇಲಿನ ಸಿಟ್ಟು ನನಗಿರಲಿ, ಹೊರಗೆ ಬಂದ ಮೇಲೆ ಕೆನ್ನೆಗೆ ಹೊಡೆಯಿರಿ, ನಿಂತು ಹೊಡೆಸಿಕೊಳ್ಳುತ್ತೇನೆ. ನೀವು ಅವರ ಮುಖಕ್ಕೆ ಉಗಿದಿರಿ, ಅವರು ಒರೆಸಿಕೊಂಡರು. ಅದು ನನಗೆ ಸೇರಬೇಕಾದದ್ದು. ಅವರಿಗೋಸ್ಕರ ಎದ್ದೇಳಿ.