ಗೇಟಿನ ಆ ಕಡೆಯ ತೇಪೆ

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಅತ್ತೆಯ ಮೊಣಕೈವರೆಗೂ ಸಿಮೆಂಟು ಒಣಗಿತ್ತು.

“ಚೆನ್ನಾಗೇ ಮೆತ್ತಿದ್ನಲ್ಲೇ, ಯಾಕೆ ಉದುರಿತು?”

“ಗೋಡೆ ನೆನೆಸದೆ ಮೆತ್ತಿದ್ರೆ ಉದುರದೆ ಏನು ಮಾಡುತ್ತೆ ಅತ್ತೆ? ಮೊದಲು ಸಡಿಲ ಗಾರೆ ಕೆರೆದು, ಧೂಳು ಒರೆಸಿ, ನೀರು ಹೊಡೀಬೇಕು.”

“ಸರಿ ಮಹಾರಾಯ್ತಿ, ಈ ಸಲ ಸ್ನಾನ ಮಾಡಿಸೇ ಮೆತ್ತೋಣ.”

“ಆಮೇಲೆ ಒರೆಸಿ ಒರೆಸಿ ಕನ್ನಡಿ ಮಾಡ್ಬೇಡಿ. ಗೋಡೆಯೆಲ್ಲ ಒರಟು. ಅದೊಂದೇ ಜಾಗ ನುಣ್ಣಗಿದ್ರೆ ನಿಮ್ಮ ಮಗ ಬಂದ ತಕ್ಷಣ ಕಂಡುಹಿಡೀತಾರೆ. ಹಸಿ ಇರುವಾಗಲೇ ಸ್ಪಂಜಲ್ಲಿ ತಟ್ಟಿ.”

“ಕಂಡುಹಿಡೀಲಿ ಬಿಡು. ಗೇಟಿನ ಆ ಕಡೆ ಒಂದು ನುಣ್ಣನೆ ತೇಪೆ ಇದೆಯಲ್ಲ, ಅದು ಯಾರದು ಅಂದ್ಕೊಂಡೆ?”

“ಯಾರದು?”

“ನಿನ್ನ ಗಂಡಂದು. ಅವನೂ ನನ್ನ ಹಾಗೇ ಕಾರು ಕಲಿಯೋವಾಗ ಗುದ್ದಿದ್ದು. ನಿಮ್ಮ ಮಾವ ಮೆತ್ತಿದ್ರು.”

ಸೊಸೆ ಕೌಂಟರಿಗೆ ಒರಗಿ ನಗತೊಡಗಿದಳು.

“ನನ್ನ ಹತ್ರ ಯಾವತ್ತೂ ಬಾಯೇ ಬಿಟ್ಟಿಲ್ಲ! ಹಾಗಾದ್ರೆ ಸ್ಪಂಜು ಬೇಡ ಅತ್ತೆ. ನಿಮ್ಮದೂ ನುಣ್ಣಗೇ ಇರ್ಲಿ, ಜೋಡಿ ಆಗುತ್ತೆ.”

ಅಂಗಡಿಯವನು ಸಿಮೆಂಟಿನ ಸಣ್ಣ ಪ್ಯಾಕೆಟ್ಟೊಂದನ್ನು ತಂದಿಟ್ಟ.

“ಇನ್ನೊಂದು ಕೊಡಪ್ಪ,” ಎಂದರು ಅತ್ತೆ.

“ಇರೋ ತೂತಿಗೆ ಒಂದೇ ಹೆಚ್ಚಾಯ್ತು ಅತ್ತೆ.”

“ಮುಂದಕ್ಕೆ ಓಡಿಸೋದಷ್ಟೇ ಕಲಿತಿರೋದು ಕಣೇ. ಹಿಂದಕ್ಕೆ ತೆಗೆಯೋದು ಇವತ್ತಿಂದ. ಎಲ್ಲಿ, ಕೀ ಕೊಡು.”

ಸೊಸೆ ಕೀ ಕೊಟ್ಟಳು. ಇಬ್ಬರೂ ನಗುತ್ತಲೇ ಬಾಗಿಲ ಕಡೆ ನಡೆದರು. ನಾನು ಸಾಲು ಬಿಟ್ಟು ಅವರಿಗಿಂತ ಮೊದಲು ಹೊರಗೆ ಓಡಿ, ಅವರ ಕಾರಿನ ಹಿಂದೆ ನಿಲ್ಲಿಸಿದ್ದ ನನ್ನ ಸ್ಕೂಟರನ್ನು ಪಕ್ಕಕ್ಕೆ ಸರಿಸಿದೆ.