ಲಾಂಡ್ರಿ ಬೋರ್ಡಿನ ಕೆಂಪು ಗೆರೆಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಇಂದು ಸನ್ಮಾನ ಸ್ವೀಕರಿಸಿದ ವಿಜ್ಞಾನಿ ಮೇಡಂ ಅವರೇ, ಊಟದ ಪರಿಮಳ ಬರುತ್ತಿದ್ದರೂ ಕುರ್ಚಿ ಬಿಡದೆ ಕೂತಿರುವ ಸಭಿಕರೇ,

ಲಾಂಡ್ರಿಯವನಿಗೆ ಇಲ್ಲೇನು ಕೆಲಸ ಎಂದು ನಿಮಗೆ ಅನ್ನಿಸಿರಬಹುದು. ಅಧ್ಯಕ್ಷರು ತೊಟ್ಟಿರುವ ಕೋಟಿಗೆ ಇಸ್ತ್ರಿ ಹಾಕಿದ್ದು ನಾನೇ. ಅಷ್ಟರಮಟ್ಟಿಗೆ ಈ ವೇದಿಕೆಯಲ್ಲಿ ನನ್ನದೂ ಪಾಲಿದೆ.

ನನ್ನ ಅಂಗಡಿ ಇರುವುದು ಮೇಡಂ ನಕ್ಷತ್ರ ನೋಡುವ ವೀಕ್ಷಣಾಲಯದ ಗುಡ್ಡದ ಬುಡದಲ್ಲಿ. ಅದರ ಕೆಂಪು ನಿಯಾನ್ ಬೋರ್ಡಿನಲ್ಲಿರುವುದು ನನ್ನ ಹೆಂಡತಿಯ ಹೆಸರು. ಅಂಗಡಿಯನ್ನು ಕಟ್ಟಿ ನಿಲ್ಲಿಸಿದವಳೇ ಅವಳು. ಅವಳು ತೀರಿಕೊಂಡ ಮೇಲೆ ನಾನು ಆ ಬೋರ್ಡನ್ನು ಆರಿಸಿದ್ದೇ ಇಲ್ಲ. ಆರಿಸಲು ಕೈ ಬರಲಿಲ್ಲ, ಸ್ವಾಮಿ.

ಒಂದು ದಿನ ಬಟ್ಟೆ ಒಯ್ಯಲು ಬಂದ ಮೇಡಂ, "ಯಜಮಾನ್ರೇ, ನಿಮ್ಮ ಬೋರ್ಡು ನನ್ನ ನಕ್ಷತ್ರದೊಳಗೆ ಕೂತಿದೆಯಲ್ರೀ" ಅಂದರು. ನಾನು ಬೆಪ್ಪಾದೆ. ಮೇಲಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರದ ವಾತಾವರಣದಲ್ಲಿ ಏನೇನಿದೆಯೋ ಅದೆಲ್ಲ ತನ್ನ ತನ್ನ ಬಣ್ಣವನ್ನು ನುಂಗಿ ಆ ಗೆರೆ ಉಳಿಸುತ್ತದಂತೆ. ಇದು ಸೋಡಿಯಂ, ಇದು ಕಬ್ಬಿಣ ಎನ್ನುತ್ತಾ ಕೆಂಪಿನ ಕಡೆ ಬಂದರು. ಅಲ್ಲಿ ಕೆಲವು ಗೆರೆಗಳು ಕಪ್ಪಲ್ಲ, ಫಳಫಳ ಹೊಳೆಯುತ್ತಿದ್ದವು. "ಇವು ನಕ್ಷತ್ರದವಲ್ಲ. ನಿಮ್ಮ ಬೋರ್ಡಿನವು."

ಅಷ್ಟು ದೂರದ ಬೆಳಕಿನ ಪಕ್ಕದಲ್ಲಿ ನಮ್ಮವಳು! "ಆರಿಸೋಕಾಗಲ್ಲ ಮೇಡಂ" ಅಂದೆ. ಯಾಕೆ ಅಂತಲೂ ಹೇಳಿದೆ. ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರು? ನಗರಸಭೆಗೆ ದೂರು ಕೊಡುತ್ತಿದ್ದರು. ಇವರು, "ಇರಲಿ ಬಿಡಿ, ಲೆಕ್ಕದಲ್ಲಿ ನಾನೇ ಕಳೀತೀನಿ" ಅಂದರು. ಅಂದಿನಿಂದ ಪ್ರತಿ ನಕ್ಷತ್ರದ ಬೆಳಕಿನಿಂದಲೂ ನಮ್ಮ ಬೋರ್ಡಿನ ಗೆರೆಗಳನ್ನು ಬಿಡಿಸಿ ತೆಗೆಯುತ್ತಾ ಬಂದರು. ಬಟ್ಟೆ ಕೊಡಲು ಬಂದಾಗ ಒಮ್ಮೆಯಾದರೂ ಮುಖ ಗಂಟಿಕ್ಕಿದ್ದನ್ನು ನಾನು ಕಾಣೆ.

ಈಗ ಹೊಸ ಉಪಕರಣ ಬಂದಿದೆ. ತೀರಾ ಮಂಕಾದ ನಕ್ಷತ್ರಗಳನ್ನು ನೋಡುತ್ತಾರಂತೆ. ಅವುಗಳ ಬೆಳಕು ಎಷ್ಟು ಸಣ್ಣದೆಂದರೆ, ಬೋರ್ಡಿನ ಗೆರೆಗಳ ಅಡಿಯಲ್ಲಿ ಮುಚ್ಚಿಯೇ ಹೋಗುತ್ತದೆ, ಯಾವ ಲೆಕ್ಕವೂ ನಡೆಯದು. ಇದನ್ನು ನನಗೆ ಹೇಳಿದ್ದು ಅವರ ಶಿಷ್ಯೆ. ಮೇಡಂ ಹೇಳಲಿಲ್ಲ. ಹೇಳುವವರೂ ಅಲ್ಲ.

ಅದಕ್ಕೇ, ಸಭಿಕರೇ, ಇಲ್ಲಿಗೆ ಬರುವ ಮುಂಚೆ ಸ್ವಿಚ್ಚು ಆರಿಸಿ ಬಂದೆ. ಭಯವಾಗಿತ್ತು. ರಸ್ತೆಗಿಳಿದು ತಿರುಗಿ ನೋಡಿದೆ. ದೀಪವಿಲ್ಲದೆಯೂ ಅವಳ ಹೆಸರು ನನಗೆ ಓದಲು ಬಂತು.

ಮೇಡಂ, ಇವತ್ತಿನಿಂದ ಏನನ್ನೂ ಕಳೆಯಬೇಡಿ. ಅಲ್ಲಿ ಕಾಣುವುದೆಲ್ಲ ನಕ್ಷತ್ರದ್ದೇ.

ಎರಡು ಮಾತು ಎಂದು ಹೇಳಿ ಇಷ್ಟು ಮಾತಾಡಿದವನನ್ನು ಸಹಿಸಿದ್ದಕ್ಕೆ ನಿಮಗೆಲ್ಲ ವಂದನೆಗಳು. ನಮಸ್ಕಾರ.